ಅಂಗೈಗೆ ಗೊತ್ತಾಗುವ ಸಿಗ್ನಲ್

ಜನವರಿ 8

ಅಮ್ಮನಿಗೆ,

ನಾನು ಕ್ಷೇಮ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ, ಏಕೆಂದರೆ ಕಾಗದ ಬಿಚ್ಚುವ ಮೊದಲೇ ಅಳಲು ಶುರು ಮಾಡುವವಳು ನೀನು. ಕೈ, ಕಾಲು, ಮೂಗು, ಹಲ್ಲು, ನೀನು ಹೊಲಿದುಕೊಟ್ಟ ಐದು ಅಂಗಿ, ಎಲ್ಲವೂ ಇದ್ದ ಜಾಗದಲ್ಲೇ ಇವೆ.

ಕೋಣೆಯಿಂದ ನಾಲ್ಕು ರಸ್ತೆ ಸೇರುವ ಮೂಲೆಗೆ ಇನ್ನೂರ ಹನ್ನೆರಡು ಹೆಜ್ಜೆ. ರಸ್ತೆಯ ಆಚೆ ಬದಿಯಿಂದ ಪ್ರೆಸ್ಸಿನ ಬಾಗಿಲಿಗೆ ಮೂವತ್ತೆಂಟು. ಇಷ್ಟನ್ನು ಕೋಲು ಹಿಡಿದು ನಾನೇ ನಡೆಯುತ್ತೇನೆ. ನಡುವಿನ ಹದಿನಾಲ್ಕು ಹೆಜ್ಜೆಯ ರಸ್ತೆಯೇ ಬಗೆಹರಿಯದ ತಕರಾರು. ಮೊದಲ ದಿನ ಯಾರೋ ಪುಣ್ಯಾತ್ಮರು ತೋಳು ಹಿಡಿದು ದಾಟಿಸಿದರು. ಥ್ಯಾಂಕ್ಸ್ ಹೇಳಿ, ಚೀಲ ಸರಿಮಾಡಿಕೊಳ್ಳಲು ಒಂದು ನಿಮಿಷ ನಿಂತೆ. ನಿಂತದ್ದೇ ತಪ್ಪು. ಇನ್ನೊಬ್ಬ ಪುಣ್ಯಾತ್ಮರು ಬಂದು ಮತ್ತೆ ಈಚೆಗೆ ದಾಟಿಸಿದರು. "ನಾನು ಆಗ್ಲೇ ದಾಟಿ ಆಯ್ತು!" ಎಂದು ಕೂಗಿದೆ. ಅವರು ಏನು ಉತ್ತರ ಕೊಟ್ಟರೋ ನನಗೆ ಹೇಗೆ ಗೊತ್ತಾಗಬೇಕು? ಒಟ್ಟು ಐದು ಸಲ ದಾಟಿದೆ. ಬೆಸ ಸಂಖ್ಯೆಯಾದ್ದರಿಂದ ಕೊನೆಗೆ ಪ್ರೆಸ್ಸಿನ ಕಡೆ ಉಳಿದೆ.

ಫೋರ್‌ಮನ್ ಒಳ್ಳೆಯವರು. ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ಒಂದೇ ದಿನದಲ್ಲಿ ಕಲಿತರು. ಏನೆಂದರೆ, ಸ್ವಲ್ಪ ದಪ್ಪಕ್ಷರ. ವಾಕ್ಯ ಮುಗಿಯುವಷ್ಟರಲ್ಲಿ ಮೊಣಕೈಗೆ ಬಂದಿರುತ್ತಾರೆ. "ಕಣ್ಣು ಕಿವಿ ಎರಡೂ ಒಟ್ಟಿಗೇ ಹೋಯ್ತಾ?" ಎಂದು ಕೇಳಿದರು. "ಇಲ್ಲ ಅಣ್ಣ, ಕಂತಿನಲ್ಲಿ. ಕಿವಿ ಒಂಬತ್ತಕ್ಕೆ, ಕಣ್ಣು ಇಪ್ಪತ್ತೆರಡಕ್ಕೆ" ಅಂದೆ. ಅವರ ಬೆರಳು ನಿಂತುಬಿಟ್ಟಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಕೆಲಸ ನನಗೆ ಹೇಳಿ ಮಾಡಿಸಿದ್ದು. ಬ್ರೈಲ್ ಪಠ್ಯಪುಸ್ತಕ ಅಚ್ಚಾಗುವ ಮೊದಲು ಪ್ರತಿ ಪುಟದ ಮೇಲೆ ಬೆರಳಾಡಿಸಿ, ಬಿಟ್ಟುಹೋದ ಚುಕ್ಕಿ ಹಿಡಿಯುವುದು. ಮೊದಲ ವಾರವೇ ಗಣಿತದ ಪುಸ್ತಕದಲ್ಲಿ ಹನ್ನೊಂದು ಹಿಡಿದೆ.

ಅಡುಗೆಮನೆಯ ಗೋಡೆಗೆ ನೀನು ಅಂಟಿಸಿರುವ ಕರಾರು ನನಗೆ ಬಾಯಿಪಾಠ: ಜೂನ್ ಮೂವತ್ತರೊಳಗೆ ಮಗಳು ಯಾರ ಕೈಯನ್ನೂ ಹಿಡಿಯದೆ ಕೋಣೆಯಿಂದ ಪ್ರೆಸ್ಸಿಗೆ ಹೋಗಿಬರಬೇಕು, ಆಗದಿದ್ದರೆ ಕೆಲಸ ಬಿಟ್ಟು ಮನೆಗೆ ಬರಬೇಕು, ತಕರಾರು ಮಾಡಕೂಡದು. ಮಾಡುವುದಿಲ್ಲ. ಕೆಲವು ಊರುಗಳಲ್ಲಿ ಸಿಗ್ನಲ್ ಕಂಬಕ್ಕೆ ಒಂದು ಪೆಟ್ಟಿಗೆ ಇರುತ್ತದಂತೆ. ಅದರ ಅಡಿಯಲ್ಲಿ ಬೆರಳ ತುದಿಯಷ್ಟಿರುವ ಬುಗುರಿಯಂಥದ್ದೊಂದು. ಜನ ದಾಟುವ ಸರದಿ ಬಂದಾಗ ಅದು ಗಿರಗಿರ ತಿರುಗುತ್ತದೆ, ಮುಟ್ಟಿಕೊಂಡು ನಿಂತವರಿಗೆ ತಿಳಿಯುತ್ತದೆ. ಅಂಥದ್ದೊಂದು ಈ ಮೂಲೆಗೂ ಹಾಕಿಸುತ್ತೇನೆ.

ಕರಾರಿನ ಎರಡನೇ ಸಹಿದಾರಳು,
ನಿನ್ನ ಮಗಳು

ಜನವರಿ 19

ಹಟಮಾರಿಗೆ,

ಐದು ಸಲ ದಾಟಿದ್ದನ್ನು ಓದಿ ನಕ್ಕೆ. ಆಮೇಲೆ ಐದರಲ್ಲಿ ಒಂದು ಸಲ ಲಾರಿ ಬಂದಿದ್ದರೆ ಎಂದು ನೆನೆದು ಕೈಕಾಲು ಆಡಲಿಲ್ಲ. ಆ ಹೊತ್ತಿಗೆ ಕೈಯಲ್ಲಿದ್ದದ್ದು ಎದುರುಮನೆ ಮೇಷ್ಟರ ಪ್ಯಾಂಟು. ಒಂದು ಕಾಲು ನಾಲ್ಕು ಬೆರಳು ಗಿಡ್ಡ ಕತ್ತರಿಸಿದ್ದೇನೆ. ಪಾಪ, ಒಳ್ಳೆಯ ಮನುಷ್ಯ, ಇನ್ನೊಂದು ಕಾಲನ್ನೂ ಗಿಡ್ಡ ಮಾಡಿಕೊಡಿ ಸಾಕು ಎಂದರು.

ನಿನ್ನ ಫೋರ್‌ಮನ್ನು ಕಂಪ್ಯೂಟರಿನಲ್ಲಿ ಬರೆದರೆ ಆ ಕ್ಷಣವೇ ನಿನಗೆ ತಲುಪುತ್ತದೆ ಎಂದು ಹೇಳಿಕಳಿಸಿದ್ದಾರೆ. ನನಗೆ ಬೇಡ. ಬ್ರೈಲ್ ಸ್ಲೇಟಿಗೆ ಕಾಗದ ಸಿಕ್ಕಿಸಿ ಮೊಳೆಯಲ್ಲಿ ಒಂದೊಂದೇ ಚುಕ್ಕಿ ಚುಚ್ಚಿದರೇ ನನಗೆ ಬೈದ ಸಮಾಧಾನ. ಈ ಪುಟದಲ್ಲಿ ಎಲ್ಲಿ ತೂತು ಬಿದ್ದಿದೆಯೋ ಅಲ್ಲಿ ನನಗೆ ಸಿಟ್ಟು ಬಂದಿತ್ತು ಅಂತ ತಿಳಿದುಕೋ.

ಪೆಟ್ಟಿಗೆಯಂತೆ, ಬುಗುರಿಯಂತೆ! ನಿನ್ನೊಬ್ಬಳಿಗೋಸ್ಕರ ಊರವರು ಕಂಬಕ್ಕೆ ಬುಗುರಿ ಕಟ್ಟುತ್ತಾರೆಯೇ? ಕೈ ಹಿಡಿಯುವವರು ಸಿಕ್ಕರೆ ಹಿಡಿದುಕೊಂಡು ದಾಟು. ಜೂನ್ ಮೂವತ್ತಕ್ಕೆ ಗಂಟುಮೂಟೆ ಕಟ್ಟಿಕೊಂಡು ಬಾ. ನಿನ್ನ ಮಂಚದ ಹೊದಿಕೆ ಒಗೆದು ಇಟ್ಟಿದ್ದೇನೆ.

ಅಮ್ಮ

ಫೆಬ್ರವರಿ 16

ಅಮ್ಮನಿಗೆ,

ತೂತುಗಳನ್ನು ಎಣಿಸಿದೆ. ಹದಿನೇಳು. ಪರವಾಗಿಲ್ಲ, ಕಡಿಮೆಯೇ.

ಸಿಗ್ನಲ್ ಇಲಾಖೆಯ ಇಂಜಿನಿಯರನ್ನು ನೋಡಲು ಹೋಗಿದ್ದೆ. ಫೋರ್‌ಮನ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಸಾಹೇಬರಿದ್ದಾರೆ ಎಂದು ಅಂಗೈಗೆ ಬರೆದು, ಫಾರಂ ತರಲು ಹೋದರು. ನಾನು ಶುರು ಮಾಡಿದೆ. ಊರು, ರಸ್ತೆ, ಹದಿನಾಲ್ಕು ಹೆಜ್ಜೆ, ಬುಗುರಿ, ಮನುಷ್ಯರ ಘನತೆ, ಒಂದನ್ನೂ ಬಿಡಲಿಲ್ಲ. ಕಾಲು ಗಂಟೆ ಮಾತಾಡಿ, ಕೊನೆಗೆ, "ನೀವೇ ಹೇಳಿ ಸಾರ್, ಇದು ಜಾಸ್ತಿ ಕೇಳಿದ ಹಾಗಾಯ್ತಾ?" ಎಂದು ಕೈ ಚಾಚಿದೆ. ನೆಲ ಒರೆಸುವ ಹೆಂಗಸು ಬಂದು ನನ್ನ ಅಂಗೈಗೆ ಒದ್ದೆ ಬೆರಳಲ್ಲಿ ಬರೆದಳು: "ಸಾಹೇಬ್ರು ಆಗ್ಲೇ ಟೀಗೆ ಹೋದ್ರು. ಆದ್ರೆ ಚೆನ್ನಾಗಿತ್ತು."

ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಮಾರನೆಯ ದಿನ ಮತ್ತೆ ಹೋದೆ. ಈ ಸಲ ಕೂತ ತಕ್ಷಣ ಕೈಕುಲುಕುವ ನೆವದಲ್ಲಿ ಇಂಜಿನಿಯರ ಮಣಿಕಟ್ಟು ಹಿಡಿದೆ, ಬಿಡಲಿಲ್ಲ. ಹಿಡಿದಿರುವವರೆಗೆ ಮನುಷ್ಯ ಇದ್ದಾನೆ ಎಂದು ಗ್ಯಾರಂಟಿ. ಮೂರನೇ ನಿಮಿಷಕ್ಕೆ ಅವರು ಇನ್ನೊಂದು ಕೈಯಿಂದ "ಬಿಡಿ ಮೇಡಂ, ಮೀಟಿಂಗ್ ಇದೆ" ಎಂದು ಬರೆದರು. "ನೋಡ್ತೀನಿ ಅಂತ ಬರೀರಿ ಸಾರ್, ಬಿಡ್ತೀನಿ" ಅಂದೆ. ನನ್ನ ದನಿ ಎಷ್ಟು ದೊಡ್ಡದೋ ನನಗೆ ಗೊತ್ತಾಗುವುದಿಲ್ಲವಲ್ಲ, ಮೂರನೇ ಮಹಡಿಯವರೂ ಇಳಿದು ಬಂದು ನೋಡಿದರಂತೆ. ಅಂತೂ ಬರೆದರು. ಅರ್ಜಿ ಲಿಖಿತವಾಗಿ ಕೊಡಿ ಎಂದೂ ಬರೆದರು. ಬ್ರೈಲಿನಲ್ಲಿ ಎಂಟು ಪುಟ ಕೊಟ್ಟೆ. ಇದನ್ನು ಓದಲಿಕ್ಕೆ ನನಗೆ ಬರಲ್ಲ ಎಂದರು. "ನೀವು ಕೊಡೋ ಕಾಗದ ಓದಲಿಕ್ಕೆ ನನಗೂ ಬರಲ್ಲ ಸಾರ್, ನಾನು ಯಾರನ್ನಾದರೂ ಹಿಡಿದು ಓದಿಸಿಕೊಳ್ತೀನಿ. ನೀವೂ ಹಾಗೇ ಮಾಡಿ" ಎಂದು ಹೇಳಿ ಬಂದೆ.

ಕಾಲು ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಮೇಷ್ಟರಿಗೆ ನನ್ನ ಸಂತಾಪ ತಿಳಿಸು.

ನಿನ್ನ ಮಗಳು

ಮಾರ್ಚ್ 11

ಸಿಗ್ನಲ್ ಇಲಾಖೆ

ಮಾನ್ಯರೇ,

ವಿಷಯ: ತಮ್ಮ ಅರ್ಜಿಯನ್ನು ಇತ್ಯರ್ಥಪಡಿಸಿರುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸದರಿ ಮೂಲೆಯಲ್ಲಿ ದೃಷ್ಟಿ ಇಲ್ಲದವರ ಅನುಕೂಲಕ್ಕಾಗಿ ಬೀಪ್ ಬೀಪ್ ಎಂದು ಜೋರಾಗಿ ಶಬ್ದ ಮಾಡುವ ಅತ್ಯಾಧುನಿಕ ಸಿಗ್ನಲ್ಲನ್ನು ಅಳವಡಿಸಲು ಆದೇಶಿಸಲಾಗಿದೆ. ಮಾರ್ಚ್ 30ರಂದು ಬೆಳಗ್ಗೆ ನಡೆಯುವ ಸಮಾರಂಭದಲ್ಲಿ ತಾವೇ ಖುದ್ದು ರಿಬ್ಬನ್ ಕತ್ತರಿಸಿ ಪ್ರಥಮವಾಗಿ ರಸ್ತೆ ದಾಟಬೇಕೆಂದು ಕೋರಲಾಗಿದೆ. ತಾವು ಸಮಾರಂಭದಲ್ಲಿ ಯಾರ ಮಣಿಕಟ್ಟನ್ನೂ ಹಿಡಿಯಬಾರದಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಇಂಜಿನಿಯರ್

ಏಪ್ರಿಲ್ 2

ಅಮ್ಮನಿಗೆ,

ಇಂಜಿನಿಯರ ಕಾಗದವನ್ನು ಫೋರ್‌ಮನ್ ನನ್ನ ಅಂಗೈಗೆ ಓದಿ ಹೇಳಿದಾಗ ನಾವಿಬ್ಬರೂ ಸೇರಿ ಮೂರು ಪತ್ರ ಬರೆದೆವು: ನನಗೆ ಕಿವಿಯೂ ಕೇಳುವುದಿಲ್ಲ, ದಯವಿಟ್ಟು ಬೀಪ್ ಬೇಡ, ಬುಗುರಿ ಬೇಕು. ಮೂರೂ ಯಾವುದೋ ಮೇಜಿನ ಮೇಲೆ ಸುಖನಿದ್ರೆಯಲ್ಲಿವೆ. ಮಾರ್ಚ್ ಮೂವತ್ತಕ್ಕೆ ಪೆಂಡಾಲ್ ಹಾಕಿಯೇಬಿಟ್ಟರು.

ಹೋದೆ. ಹೋಗಿ ತೋರಿಸದಿದ್ದರೆ ಇವರಿಗೆ ತಿಳಿಯುವುದಿಲ್ಲ ಎಂದುಕೊಂಡೆ. ಕತ್ತರಿ ಕೊಟ್ಟರು, ರಿಬ್ಬನ್ ಕತ್ತರಿಸಿದೆ. ಆಮೇಲೆ ಫುಟ್‌ಪಾತಿನ ಅಂಚಿಗೆ ನಿಂತೆ. ನಿಂತೇ ಇದ್ದೆ. ಸಿಗ್ನಲ್ಲು ಕೂಗಿತಂತೆ. ಮತ್ತೆ ಕೂಗಿತಂತೆ. ಜನ ಚಪ್ಪಾಳೆ ತಟ್ಟಿದರಂತೆ, ನಾನು ನಾಚಿಕೆಯಿಂದ ನಿಂತಿದ್ದೇನೆ ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದರಂತೆ. ಎಲ್ಲವೂ ಆಮೇಲೆ ಫೋರ್‌ಮನ್ ಹೇಳಿದ್ದು. ಕೋಣನ ಮುಂದೆ ಕಿನ್ನರಿ ಬಾರಿಸಿದರು ಅಂತಾರಲ್ಲ ಅಮ್ಮ, ಆ ಕೋಣಕ್ಕೆ ಕಿವಿಯಾದರೂ ಇತ್ತು.

ಕೊನೆಗೆ ಇಂಜಿನಿಯರು ಓಡಿಬಂದು ನನ್ನ ಅಂಗೈ ಎಳೆದುಕೊಂಡು ಬರೆದರು: "ಯಾಕೆ ದಾಟ್ತಾ ಇಲ್ಲ?" "ಕೂಗ್ತಿದೆಯಾ ಸಾರ್?" ಅಂದೆ. ಆಮೇಲೆ, "ಕಿವಿನೂ ಕೇಳಲ್ವಾ?" ಎಂದರು. ಅಮ್ಮ, ಈ ಮನುಷ್ಯ ಒಂದೂವರೆ ತಿಂಗಳಿಂದ ನನ್ನ ಅಂಗೈ ಮೇಲೆ ಬರೆಯುತ್ತಿದ್ದಾರೆ! "ಕಿವಿ ಕೇಳೋ ಹಾಗಿದ್ರೆ ನಾನ್ಯಾಕೆ ಅಂಗೈ ಮೇಲೆ ಬರೆಸಿಕೊಳ್ತಿದ್ದೆ?" ಎಂದು ಕೇಳಿದೆ. "ಆಫೀಸಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಗುಟ್ಟಾಗಿ ಮಾತಾಡ್ತಿದ್ದೀರಿ ಅಂದ್ಕೊಂಡಿದ್ದೆ" ಎಂದು ಬರೆದರು.

ನಗಬೇಕು ಅನಿಸಿತು, ಆದರೆ ಆ ಹೊತ್ತಿನಲ್ಲಿ ಅಳು ಬಂತು. ಅಷ್ಟು ಜನರ ನಡುವೆ ಗೊಂಬೆಯ ಹಾಗೆ ನಿಂತಿದ್ದೆ. ಇನ್ನು ಮೂರು ತಿಂಗಳಷ್ಟೇ ಇದೆ. ಈ ಕೆಲಸ ಬಿಟ್ಟು ಬರಲು ನನಗೆ ಇಷ್ಟವಿಲ್ಲ.

ನಿನ್ನ ಮಗಳು

ಏಪ್ರಿಲ್ 8

ಮಗಳಿಗೆ,

ಇಲ್ಲಿ ಮನೆಯಲ್ಲಿ, ನನ್ನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಮನೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ಇಲ್ಲಿ ಎಲ್ಲ ಮಾಮೂಲು. ನೀನು ಬೇಜಾರು ಮಾಡಿಕೊಳ್ಳಬೇಡ. ಇಂಜಿನಿಯರಿಗೆ ಬುದ್ಧಿ ಇಲ್ಲ. ಆದರೂ ರಿಬ್ಬನ್ನನ್ನು ಅಷ್ಟು ಸೊಟ್ಟಗೆ ಕತ್ತರಿಸಬಾರದಿತ್ತು, ನನ್ನ ಮಗಳು ಅಂತ ಹೇಳಿಕೊಳ್ಳಲು ನನಗೆ ಮುಜುಗರ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಮನೆಯಿಂದ,
ಅಮ್ಮ

ಏಪ್ರಿಲ್ 10

ಅಮ್ಮನಿಗೆ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗ್ಗೆ ಎಂಟು ನಲವತ್ತಕ್ಕೆ, ರಸ್ತೆ ದಾಟಿದ ಮೇಲೆ, ನಿನ್ನ ಕೈಗೇ ಕೊಡುತ್ತೇನೆ. ಕೈಗವಸು ತೆಗೆದು ಓದು.

ಹತ್ತು ದಿನದಿಂದ ದಿನಾ ಅದೇ ಹೊತ್ತಿಗೆ ಕೈಗವಸು ಹಾಕಿದ ಯಾರೋ ಒಬ್ಬರು ಬಂದು ನನ್ನ ಮೊಣಕೈ ಹಿಡಿದು ದಾಟಿಸುತ್ತಿದ್ದಾರೆ. ಸೋಪಿನ ವಾಸನೆ ಬದಲಾಗಿದೆ, ಚಪ್ಪಲಿಯ ನಡಿಗೆಯನ್ನೂ ಬದಲಾಯಿಸಲು ಪ್ರಯತ್ನ ನಡೆದಿದೆ, ಕುಂಟುತ್ತಾರೆ. ಎರಡನೇ ದಿನ ಎಡಗಾಲು ಕುಂಟುತ್ತಿತ್ತು, ಮೂರನೇ ದಿನ ಬಲಗಾಲು. ಆಚೆ ಬದಿ ಮುಟ್ಟಿದ ಮೇಲೆ ಈ ಅಪರಿಚಿತರು ನನ್ನ ಕಾಲರು ಮಡಚಿ ಸರಿಮಾಡುತ್ತಾರೆ, ತೋಳಿನ ಹೊಲಿಗೆ ಬಿಟ್ಟಿದೆಯೇ ಎಂದು ಎಳೆದು ನೋಡುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಇದು ಸಾಲದು ಎಂಬಂತೆ, ಮನೆಯಿಂದ ಐದು ದಿನ ತೆಗೆದುಕೊಳ್ಳುವ ನಿನ್ನ ಕಾಗದ ಒಂದೇ ದಿನದಲ್ಲಿ ಬಂತು. ರಿಬ್ಬನ್ ಸೊಟ್ಟಗಾಗಿದ್ದು ನನಗೇ ಗೊತ್ತಿರಲಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ, ನಿನ್ನದು ಬ್ರೈಲಿನಲ್ಲೇ ಹುಳ್ಳಹುಳ್ಳಗಿತ್ತು.

ಮೊದಲ ದಿನವೇ ಗೊತ್ತಾಯಿತು. ಆದರೂ ಹತ್ತು ದಿನ ಸುಮ್ಮನಿದ್ದೆ. ಯಾಕೆಂದರೆ ನಿನ್ನ ಕೈ ಸಿಕ್ಕಿತಲ್ಲ ಎಂದು ಖುಷಿಯಾಗಿತ್ತು. ಅದೇ ನನಗೆ ಭಯ, ಅಮ್ಮ. ಇನ್ನು ಹತ್ತು ದಿನ ಹೀಗೇ ಆದರೆ ನಾನೇ ಗಂಟು ಕಟ್ಟಿಕೊಂಡು ನಿನ್ನ ಹಿಂದೆ ಬಂದುಬಿಡುತ್ತೇನೆ. ದಯವಿಟ್ಟು ಮನೆಗೆ ಹೋಗು.

ನಿನ್ನ ಮಗಳು

ಏಪ್ರಿಲ್ 25

ಮಗಳೇ,

ಈಗ ನಿಜವಾಗಿಯೂ ಮನೆಯಿಂದ. ಬೇಕಾದರೆ ಫೋರ್‌ಮನ್ ಹತ್ತಿರ ಅಂಚೆಯ ಮುದ್ರೆ ಓದಿಸು.

ನಿನ್ನ ಫೋರ್‌ಮನ್ ತಾರೀಖು ತಿಳಿಸಿದ್ದರಿಂದ, ಸಮಾರಂಭ ನೋಡಿಕೊಂಡು ಸಂಜೆಗೇ ವಾಪಸು ಬರೋಣ ಎಂದು ಬಂದವಳು ನಾನು. ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಆ ಸಿಗ್ನಲ್ಲು ಊರು ಹಾರಿಹೋಗುವ ಹಾಗೆ ಕೂಗುತ್ತಿತ್ತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನೀನೊಬ್ಬಳು ಕೋಲು ಹಿಡಿದು ನಿಂತಿದ್ದೆ. ನಿನಗೆ ಒಂದು ವಿಷಯ ಹೇಳಬೇಕು, ಬೇರೆಯವರಿಂದಲ್ಲ, ನನ್ನಿಂದಲೇ ನಿನಗೆ ಗೊತ್ತಾಗಲಿ. ಜನವರಿಯಿಂದ ನಾನು ಒಳಗೊಳಗೇ, ಆ ಪೆಟ್ಟಿಗೆ ಬರದೇ ಇರಲಿ ಎಂದುಕೊಂಡಿದ್ದೆ. ಬರದಿದ್ದರೆ ನೀನು ಮನೆಗೆ ಬರುತ್ತೀಯಲ್ಲ ಎಂದು. ನೀನು ಅಲ್ಲಿ ಹಾಗೆ ನಿಂತದ್ದನ್ನು ನೋಡಿದಾಗ, ಇದನ್ನೇ ತಾನೇ ನಾನು ಬಯಸಿದ್ದು ಎನಿಸಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಿನ್ನ ಕಣ್ಣು ಹೋದಾಗಿನಿಂದ ನಿನಗೆ ಜಗತ್ತನ್ನು ಅಂಗೈ ಮೇಲೆ ಬರೆದುಕೊಟ್ಟ ಕೈ ಇದು. ನೀನು ಹೋದ ಮೇಲೆ ಇದಕ್ಕೆ ಪ್ಯಾಂಟು ಹೊಲಿಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಅದಕ್ಕೇ ಕೈಗವಸು ಕೊಂಡೆ. ಬೆಪ್ಪು ನಾನು.

ಬರುವ ಮುಂಚೆ ಇಲಾಖೆಗೆ ಹೋಗಿದ್ದೆ. ಆ ಇಂಜಿನಿಯರನ ಇನ್ನೊಂದು ಮಣಿಕಟ್ಟನ್ನು ನಾನು ಹಿಡಿದೆ. "ನೀವೂ ಅವರ ಮನೆಯವರಾ?" ಎಂದು ಕೇಳಿದ, ಮುಖ ಬಿಳಿಚಿಕೊಂಡಿತ್ತು. "ಹೌದಪ್ಪ, ಹಿಡಿಯೋದನ್ನ ಅವಳು ಕಲಿತಿದ್ದೇ ನನ್ನಿಂದ. ಒಂದು ದಿನ ಕಣ್ಣಿಗೆ ಬಟ್ಟೆ, ಕಿವಿಗೆ ಹತ್ತಿ ಇಟ್ಕೊಂಡು ಆ ಮೂಲೇಲಿ ನಿಂತು ನೋಡು. ಬಟ್ಟೆ ನಾನೇ ಹೊಲಿದುಕೊಡ್ತೀನಿ" ಅಂದೆ. ಅಳತೆ ತೆಗೆದುಕೊಂಡೇ ಬಂದಿದ್ದೇನೆ. ದೊಡ್ಡ ತಲೆ.

ಕರಾರು ಕರಾರೇ, ಅದರಲ್ಲಿ ಬದಲಿಲ್ಲ. ಆದರೆ ಈಗ ನಾನು ನಿನ್ನ ಕಡೆ.

ಅಮ್ಮ

ಜೂನ್ 9

ಅಮ್ಮನಿಗೆ,

ನೀನು ಹೊಲಿದು ಕಳಿಸಿದ ಕಣ್ಣುಪಟ್ಟಿ ಇಂಜಿನಿಯರಿಗೆ ಸರಿಯಾಗಿ ಹಿಡಿಯಿತು. ಮೇ ತಿಂಗಳಿಡೀ ಇವತ್ತು ನಾಳೆ ಎಂದು ತಳ್ಳಿ, ನಿನ್ನೆ ಬಂದೇಬಿಟ್ಟರು. ಕಣ್ಣಿಗೆ ಪಟ್ಟಿ, ಕಿವಿಗೆ ಹತ್ತಿ, ಕೈಯಲ್ಲಿ ನನ್ನ ಹಳೆಯ ಕೋಲು. ಐದು ನಿಮಿಷದಲ್ಲಿ ದಾಟಿ ತೋರಿಸುತ್ತೇನೆ ಎಂದು ಅಂಗೈಗೆ ಬರೆದು ಹೋದವರು, ಕಂಬ ಸಿಕ್ಕ ಕೂಡಲೇ ಅದನ್ನು ತಬ್ಬಿಕೊಂಡರಂತೆ. ಅರ್ಧ ಗಂಟೆ ಬಿಡಲಿಲ್ಲ. ಕೊನೆಗೆ ಒಬ್ಬ ಪುಣ್ಯಾತ್ಮರು ಬಂದು ಕಂಬದಿಂದ ಬಿಡಿಸಿ, ದಾಟಿಸಿ, ಬಸ್ಸಿಗೇ ಹತ್ತಿಸಿಬಿಟ್ಟರು! ಫೋರ್‌ಮನ್ ಓಡಿಹೋಗಿ ಎರಡನೇ ಸ್ಟಾಪಿನಲ್ಲಿ ಇಳಿಸಿಕೊಂಡು ಬಂದರು.

ಬಂದವರೇ ಇಂಜಿನಿಯರು ನನ್ನ ಅಂಗೈ ಹುಡುಕಿ ಹಿಡಿದರು. "ಯಾರಾದ್ರೂ ಇದ್ದಾರಾ ಇಲ್ವಾ ಅಂತಾನೇ ಗೊತ್ತಾಗಲ್ಲ ಮೇಡಂ." ಅಷ್ಟೇ ಬರೆದರು. ಇವತ್ತು ನನ್ನ ಎಂಟು ಪುಟದ ಅರ್ಜಿಯನ್ನು ಪ್ರೆಸ್ಸಿಗೆ ತಂದು, ಇದರಲ್ಲಿ ಏನಿದೆ ಓದಿ ಹೇಳಿ ಎಂದು ಫೋರ್‌ಮನ್ ಮುಂದೆ ಕೂತಿದ್ದರು. ಬುಗುರಿಯ ಪೆಟ್ಟಿಗೆ ತರಿಸಲು ಹದಿನೈದು ದಿನ ಬೇಕಂತೆ. ನನಗೆ ಇರುವುದು ಇಪ್ಪತ್ತೊಂದು ದಿನ.

ನಿನ್ನ ಮಗಳು

ಜೂನ್ 26

ಮೇಡಂ,

ಪೆಟ್ಟಿಗೆ ಕೂರಿಸಿ ಆಯಿತು. ರಿಬ್ಬನ್ ಇಲ್ಲ. ಈ ಸಾಲನ್ನು ಬ್ರೈಲಿನಲ್ಲಿ ನಾನೇ ಚುಚ್ಚಿದ್ದೇನೆ, ಮೂರು ಗಂಟೆ ಹಿಡಿಯಿತು.

ಇಂಜಿನಿಯರ್

ಜೂನ್ 27

ಅಮ್ಮನಿಗೆ,

ದಾಟಿದೆ!

ಪೆಟ್ಟಿಗೆಯ ಅಡಿಗೆ ಬೆರಳಿಟ್ಟು ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಆ ಚಿಕ್ಕ ಬುಗುರಿ ಬೆರಳ ಕೆಳಗೆ ತಿರುಗಿತು. ಅಮ್ಮ, ಕಣ್ಣು ಹೋದ ಮೇಲೆ ಒಂದು ಬೀದಿ ನೇರವಾಗಿ ನನ್ನೊಂದಿಗೆ ಮಾತಾಡಿದ್ದು ಇದೇ ಮೊದಲು. ನಡುವೆ ಯಾರೂ ಇರಲಿಲ್ಲ. ಹದಿನಾಲ್ಕು ಹೆಜ್ಜೆ ಎಣಿಸಿದೆ, ಅವಸರಕ್ಕೆ ಹನ್ನೆರಡೇ ಆಯಿತು. ಪ್ರೆಸ್ಸಿಗೆ ಹೋಗಿ ಯಾರಿಗೂ ಏನೂ ಹೇಳದೆ ಕೆಲಸಕ್ಕೆ ಕೂತೆ. ಒಂದು ಪುಟವನ್ನು ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲ. ಸಂಜೆ ಹಾಗೆಯೇ ದಾಟಿ ಕೋಣೆಗೆ ಬಂದೆ.

ಮೂವತ್ತನೇ ತಾರೀಖು ಬೆಳಗ್ಗೆಯೂ ದಾಟುತ್ತೇನೆ. ಅಲ್ಲಿಗೆ ಕರಾರು ಮುಗಿಯಿತು. ಸಾಕ್ಷಿ ಬೇಕಾದರೆ ಫೋರ್‌ಮನ್ ಸಹಿ ಹಾಕಿಕೊಡುತ್ತಾರೆ, ಒಂದು ಪುಟ ಸಾಲುವುದಿಲ್ಲ ಅಷ್ಟೇ.

ನಿನ್ನ ಮಗಳು

ಜುಲೈ 3

ಮಗಳೇ,

ಕರಾರಿನ ಕಾಗದವನ್ನು ಗೋಡೆಯಿಂದ ಕಿತ್ತೆ. ಜೊತೆಗೆ ಸುಣ್ಣವೂ ಬಂತು. ನಿನ್ನ ಮಂಚದ ಮೇಲೆ ಈಗ ಮೇಷ್ಟರ ಮನೆಯ ಮದುವೆಯ ಬಟ್ಟೆ ಹರಡಿಕೊಂಡಿದೆ, ಹೊಲಿಯಲು ಹನ್ನೆರಡು ಅಂಗಿ ಇವೆ. ನೀನು ನೆಂಟರ ಹಾಗೆ ಬಂದರೆ ಕೆಳಗೆ ಮಲಗಬೇಕಾಗುತ್ತದೆ.

ಫೋರ್‌ಮನ್ ಸಾಕ್ಷಿ ಬೇಡ. ಮೂವತ್ತನೇ ತಾರೀಖು ನಾನೇ ಬಂದಿದ್ದೆ. ಬೈಯಬೇಡ, ಪೂರ್ತಿ ಓದು. ಪ್ರೆಸ್ಸಿನ ಕಡೆಯ ಫುಟ್‌ಪಾತಿನಲ್ಲಿ ನಿಂತಿದ್ದೆ. ಎಂಟು ನಲವತ್ತಕ್ಕೆ ನೀನು ಬಂದು ಪೆಟ್ಟಿಗೆಗೆ ಬೆರಳಿಟ್ಟೆ. ಒಬ್ಬ ದೊಡ್ಡ ಮನುಷ್ಯ ಬಂದು ನಿನ್ನ ತೋಳಿಗೆ ಕೈ ಹಾಕಿದ. "ಬೇಡ, ನನಗೆ ದಾರಿ ಗೊತ್ತು!" ಎಂದು ನೀನು ಕೂಗಿದ್ದಕ್ಕೆ ಅವನಿರಲಿ, ಸಿಗ್ನಲ್ಲಿಗೆ ನಿಂತಿದ್ದ ಬಸ್ಸಿನ ಡ್ರೈವರನೂ ಬೆಚ್ಚಿಬಿದ್ದ. ಆಮೇಲೆ ನೀನು ದಾಟಿದೆ. ನಗುತ್ತಾ ದಾಟಿದೆ. ನೀನು ಒಬ್ಬಳೇ ಇರುವಾಗ ಹೇಗೆ ನಗುತ್ತೀಯ ಎಂದು ನಾನು ನೋಡಿಯೇ ಇರಲಿಲ್ಲ.

ನೇರ ನನ್ನ ಕಡೆಗೇ ಬಂದೆ. ನಿನ್ನ ಕೋಲು ನನ್ನ ಚಪ್ಪಲಿಯ ತುದಿಗೆ ತಾಗಿತು. "ಸಾರಿ" ಎಂದೆ, ಯಾರಿಗೋ ಹೇಳುವ ಹಾಗೆ. ಬಲಕ್ಕೆ ಒಂದು ಹೆಜ್ಜೆ ಸರಿದು ಮುಂದೆ ಹೋದೆ. ನಾನು ಕೈ ಚಾಚಿದ್ದರೆ ನೀನು ಸಿಗುತ್ತಿದ್ದೆ. ನಾನು ಮುಟ್ಟಲಿಲ್ಲ. ನೀನು ಪ್ರೆಸ್ಸಿನ ಬಾಗಿಲು ತೆಗೆದು ಒಳಗೆ ಹೋದ ಮೇಲೆ ಬಸ್ಸು ಹತ್ತಿ ಮನೆಗೆ ಬಂದೆ.

ನಿನ್ನ
ಅಮ್ಮ